ಬಸುರಿಯಲ್ಲಿ ವೈರಸ್ ಸೋಂಕು, ಲಸಿಕೆ: ಕೂಸಿಗೆ ಏನಾಗುತ್ತೆ, ನೀವು ಯಾವಾಗ ಏನು ಮಾಡಬೇಕು

"ಮೂರನೇ ತಿಂಗಳಲ್ಲಿ ಜ್ವರ ಬಂದಿತ್ತು, ಮಗುವಿಗೆ ಏನಾದರೂ ಆಗುತ್ತಾ?" "ದೊಡ್ಡ ಮಗನಿಗೆ ಅಮ್ಮ (ಸೀತಾಳೆ ಸಿಡುಬು) ಆಗಿದೆ, ನಾನು ತವರಿಗೆ ಹೋಗಿಬಿಡಲಾ?" "ಟಾರ್ಚ್ ರಕ್ತ ಪರೀಕ್ಷೆ ಪಾಸಿಟಿವ್ ಅಂತ ಬಂದಿದೆ, ಗರ್ಭ ತೆಗೆಸಿಬಿಡು ಅಂತಿದ್ದಾರೆ ಅತ್ತೆ." "ನಾಯಿ ಕಚ್ಚಿತು, ಬಸುರಿ ಅಂತ ಇಂಜೆಕ್ಷನ್ ಹಾಕಿಸಿಕೊಂಡಿಲ್ಲ."

ಹಾಸನ, ಚಿಕ್ಕಮಗಳೂರು ಕಡೆಯ ಓದುಗರಿಂದ ಇದೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದು ಕಡೆ ಇಟ್ಟಿದ್ದೇನೆ. ಇದನ್ನು ಓದಿದ ಮೇಲೂ ನಿಮ್ಮ ಡಾಕ್ಟರನ್ನು ನೋಡಲೇಬೇಕು. ಆದರೆ ಅವರ ಮುಂದೆ ಕೂತಾಗ ಏನು ಕೇಳಬೇಕು ಅನ್ನುವುದು ನಿಮಗೆ ಗೊತ್ತಿರುತ್ತದೆ.

ಮೊದಲೇ ಒಂದು ಮಾತು. ಬಸುರಿಗೆ ಬರುವ ಸಾಮಾನ್ಯ ನೆಗಡಿ, ವೈರಲ್ ಜ್ವರಗಳಲ್ಲಿ ಬಹುಪಾಲು ಹೊಟ್ಟೆಯೊಳಗಿನ ಕೂಸಿಗೆ ಏನೂ ಮಾಡುವುದಿಲ್ಲ. ತೊಂದರೆ ಕೊಡುವ ವೈರಸ್‌ಗಳು ಕೆಲವೇ ಕೆಲವು. ಅವು ಕೂಡ ಎಲ್ಲ ತಿಂಗಳಲ್ಲೂ ಒಂದೇ ಥರ ಕೆಲಸ ಮಾಡುವುದಿಲ್ಲ. ರುಬೆಲ್ಲಾ ಮೊದಲ ಮೂರು ತಿಂಗಳಲ್ಲಿ ಅಪಾಯ. ಹೆಪಟೈಟಿಸ್ ಬಿ, ಅಂದರೆ ಲಿವರಿಗೆ ತಗುಲುವ ವೈರಸ್, ಹೆರಿಗೆಯ ಹೊತ್ತಿಗೆ ಅಪಾಯ. ಸೀತಾಳೆ ಸಿಡುಬು ಎರಡು ಬೇರೆ ಬೇರೆ ಹೊತ್ತಿನಲ್ಲಿ ಎರಡು ಬೇರೆ ಬೇರೆ ತೊಂದರೆ ಕೊಡುತ್ತದೆ. ಅದಕ್ಕೇ ಡಾಕ್ಟರ್ ಮೊದಲು ಕೇಳುವುದು "ಎಷ್ಟನೇ ವಾರ?" ಅಂತ. ಕೂಸಿನ ವಿಷಯದಲ್ಲಿ ಅರ್ಧ ಉತ್ತರ ಆ ವಾರದಲ್ಲೇ ಇದೆ.

ಕೈಯಲ್ಲಿ ಇರಬೇಕಾದವು

ತಾಯಿ ಕಾರ್ಡ್. ಕೊನೆಯ ಮುಟ್ಟಿನ ಮೊದಲ ದಿನದ ತಾರೀಖು. ಈವರೆಗೆ ಮಾಡಿಸಿದ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ವರದಿಗಳು. ಚಿಕ್ಕಂದಿನಲ್ಲಿ ನಿಮಗೆ ಅಮ್ಮ ಆಗಿತ್ತಾ, ದಡಾರ-ರುಬೆಲ್ಲಾ ಲಸಿಕೆ ಹಾಕಿಸಿದ್ದರಾ ಅನ್ನುವ ಮಾಹಿತಿ. ಇದನ್ನು ನಿಮ್ಮ ಅಮ್ಮನ ಹತ್ತಿರ ಇವತ್ತೇ ಫೋನ್ ಮಾಡಿ ಕೇಳಿ. ಜೊತೆಗೆ ಮನೆಯಲ್ಲಿ ಒಂದು ಥರ್ಮಾಮೀಟರ್. ಇಷ್ಟು ಸಾಕು.

ತಾಯಿ ಕಾರ್ಡಿನ ಎಲ್ಲ ಪುಟಗಳ ಫೋಟೋ ತೆಗೆದು ನಿಮ್ಮ ಮೊಬೈಲ್‌ನಲ್ಲೂ ಗಂಡನ ಮೊಬೈಲ್‌ನಲ್ಲೂ ಇಟ್ಟುಕೊಳ್ಳಿ. ಯಾಕೆ ಅಂತ ಆರನೇ ಹಂತದಲ್ಲಿ ಗೊತ್ತಾಗುತ್ತದೆ.

1. ಇನ್ನೂ ಬಸುರಿ ಆಗಿಲ್ಲವಾ? ರುಬೆಲ್ಲಾ ವಿಚಾರ ಮುಗಿಸಿಕೊಳ್ಳಿ

ರುಬೆಲ್ಲಾ ದೊಡ್ಡವರಿಗೆ ಬಂದರೆ ಸಣ್ಣ ಜ್ವರ, ಮೈಮೇಲೆ ಒಂದೆರಡು ದಿನ ಕೆಂಪು ಗಂಧೆ, ಕಿವಿ ಹಿಂದೆ ಗಂಟು. ಎಷ್ಟೋ ಜನರಿಗೆ ಬಂದು ಹೋಗಿದ್ದೇ ಗೊತ್ತಾಗುವುದಿಲ್ಲ. ಆದರೆ ಬಸುರಿಯ ಮೊದಲ 12 ವಾರದಲ್ಲಿ ತಾಯಿಗೆ ಇದು ಬಂದರೆ 100ರಲ್ಲಿ 90ರವರೆಗೂ ಕೂಸಿಗೆ ತಟ್ಟುತ್ತದೆ. ಗರ್ಭಪಾತ ಆಗಬಹುದು. ಉಳಿದ ಕೂಸಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ತೊಂದರೆ ಬರಬಹುದು. 1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್ ಇದನ್ನು ಮೊದಲು ಗುರುತಿಸಿದರು. ಹುಟ್ಟುತ್ತಲೇ ಪೊರೆ ಇದ್ದ ಕೂಸುಗಳು ಒಂದರ ಹಿಂದೆ ಒಂದು ಅವರ ಹತ್ತಿರ ಬಂದವು. ತಾಯಂದಿರನ್ನು ವಿಚಾರಿಸಿದರೆ, ಬಹಳ ಜನರಿಗೆ ಬಸುರಿಯ ಶುರುವಿನಲ್ಲಿ ರುಬೆಲ್ಲಾ ಬಂದಿತ್ತು. 20 ವಾರ ದಾಟಿದ ಮೇಲೆ ಇಂಥ ತೊಂದರೆ ತೀರಾ ಕಡಿಮೆ.

ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ನಡೆದಿದ್ದು 2017ರ ಫೆಬ್ರುವರಿಯಲ್ಲಿ. ಆಗ 9 ತಿಂಗಳಿಂದ 15 ವರ್ಷದೊಳಗಿನವರಿಗೆ ಶಾಲೆ, ಅಂಗನವಾಡಿಗಳಲ್ಲಿ ಹಾಕಿದರು. ಅಂದರೆ 2002ಕ್ಕೂ ಮುಂಚೆ ಹುಟ್ಟಿದವರು ಆ ಅಭಿಯಾನಕ್ಕೆ ಸಿಕ್ಕಿಲ್ಲ. ನೀವು ಆ ವಯಸ್ಸಿನವರಾಗಿದ್ದು, ಬೇರೆ ಕಡೆ ಹಾಕಿಸಿಕೊಂಡ ನೆನಪೂ ಇಲ್ಲದಿದ್ದರೆ, ಬಸುರಿ ಆಗುವ ಮುಂಚೆಯೇ ಡಾಕ್ಟರ್ ಹತ್ತಿರ ಮಾತಾಡಿ. ಒಂದು ರಕ್ತ ಪರೀಕ್ಷೆಯಲ್ಲಿ ರಕ್ಷಣೆ ಇದೆಯೋ ಇಲ್ಲವೋ ತಿಳಿಯುತ್ತದೆ. ಪರೀಕ್ಷೆ ಮಾಡಿಸದೆ ನೇರವಾಗಿ ಲಸಿಕೆ ಹಾಕಿಸಿಕೊಂಡರೂ ನಡೆಯುತ್ತದೆ. ಹಾಕಿಸಿಕೊಂಡ ಮೇಲೆ ಒಂದು ತಿಂಗಳು ಬಸುರಿ ಆಗಬೇಡಿ.

ಎಚ್ಚರ: ಲಸಿಕೆ ಹಾಕಿಸಿಕೊಂಡ ಮೇಲೆ ಬಸುರಿ ಅಂತ ಗೊತ್ತಾಯಿತಾ? ಗಾಬರಿ ಬೇಡ. ಈ ಲಸಿಕೆಯಿಂದ ಕೂಸಿಗೆ ತೊಂದರೆ ಆದದ್ದು ಕಂಡುಬಂದಿಲ್ಲ. ಈ ಒಂದು ಕಾರಣಕ್ಕೆ ಗರ್ಭ ತೆಗೆಸಬೇಕಾಗಿಲ್ಲ. ಡಾಕ್ಟರಿಗೆ ತಿಳಿಸಿ, ಸಾಕು.

2. ಮೊದಲ ಭೇಟಿಯಲ್ಲೇ ಮೂರು ರಕ್ತ ಪರೀಕ್ಷೆ

ಮುಟ್ಟು ನಿಂತಿದ್ದು ಖಾತ್ರಿಯಾದ ಕೂಡಲೇ ಆಶಾ ಕಾರ್ಯಕರ್ತೆಗೆ ಹೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ. "ಮೂರು ತಿಂಗಳು ತುಂಬಲಿ, ಆಮೇಲೆ ಹೇಳೋಣ" ಅಂತ ಕಾಯುವ ಮನೆಗಳು ಇವೆ. ನೆಂಟರಿಗೆ ಆಮೇಲೆ ಹೇಳಿದರೂ ಸರಿ. ಆಸ್ಪತ್ರೆಗೆ ಮೊದಲೇ ಹೇಳಿ.

ಅಲ್ಲಿ ಹಿಮೋಗ್ಲೋಬಿನ್, ಸಕ್ಕರೆ ಜೊತೆ ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆಗಳು ಆಗಲೇಬೇಕು. ಸಿಫಿಲಿಸ್ ವೈರಸ್ ಅಲ್ಲ, ಬ್ಯಾಕ್ಟೀರಿಯಾ. ಆದರೂ ಕೂಸಿನ ಸಲುವಾಗಿ ಮೂರನ್ನೂ ಒಟ್ಟಿಗೆ ನೋಡುತ್ತಾರೆ. ವರದಿಯಲ್ಲಿ "ಎಚ್‌ಬಿಎಸ್‌ಎಜಿ" ಅಂತ ಇರುವುದೇ ಹೆಪಟೈಟಿಸ್ ಬಿ ಪರೀಕ್ಷೆ. ತಾಯಿ ಕಾರ್ಡಿನಲ್ಲಿ ಆ ಜಾಗ ಖಾಲಿ ಇದ್ದರೆ "ಸಿಸ್ಟರ್, ಇದು ಬಾಕಿ ಇದೆ" ಅಂತ ನೀವೇ ಕೇಳಿ.

ಎಚ್‌ಐವಿ ಇದ್ದರೆ ಔಷಧಿ ಕೂಡಲೇ ಶುರುವಾಗುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಔಷಧಿ ಇಲ್ಲದಿದ್ದರೆ 100ರಲ್ಲಿ 15ರಿಂದ 45 ಕೂಸುಗಳಿಗೆ ಹರಡುತ್ತದೆ. ಸರಿಯಾಗಿ ತೆಗೆದುಕೊಂಡರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ. ಒಂದು ದಿನವೂ ಮಾತ್ರೆ ತಪ್ಪಿಸಬಾರದು.

ಹೆಪಟೈಟಿಸ್ ಬಿ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಇದು ಎಷ್ಟೋ ಜನರಿಗೆ ಬಸುರಿಯಲ್ಲೇ ಮೊದಲ ಸಲ ಗೊತ್ತಾಗುತ್ತದೆ. ಆರೋಗ್ಯವಾಗಿಯೇ ಇರುತ್ತಾರೆ, ಒಂದು ದಿನ ವರದಿಯಲ್ಲಿ ಪಾಸಿಟಿವ್ ಬರುತ್ತದೆ, ಮನೆಯಲ್ಲಿ ಮಾತು ನಿಂತುಹೋಗುತ್ತದೆ. ಇದು ಯಾರ ನಡತೆಯ ಪ್ರಶ್ನೆಯೂ ಅಲ್ಲ. ಹುಟ್ಟುವಾಗ ತಾಯಿಯಿಂದಲೇ ಬಂದಿರಬಹುದು. ಈಗ ತಾಯಂದಿರಾಗುತ್ತಿರುವ ಬಹಳ ಜನ ಹುಟ್ಟಿದಾಗ ಸರ್ಕಾರಿ ಪಟ್ಟಿಯಲ್ಲಿ ಈ ಲಸಿಕೆ ಇರಲಿಲ್ಲ. ಜೊತೆಗೆ ಕೂತು ಊಟ ಮಾಡುವುದರಿಂದ, ಒಂದೇ ಲೋಟದಲ್ಲಿ ನೀರು ಕುಡಿಯುವುದರಿಂದ ಇದು ಹರಡುವುದಿಲ್ಲ. ಸೊಸೆಯ ತಟ್ಟೆ ಬೇರೆ ಇಡಬೇಡಿ.

ಕೂಸಿಗೆ ಮಾತ್ರ ಇದು ದೊಡ್ಡ ವಿಷಯ. ದೊಡ್ಡವರಿಗೆ ತಗುಲಿದರೆ ಹೆಚ್ಚಿನವರಿಗೆ ವಾಸಿಯಾಗುತ್ತದೆ. ಹುಟ್ಟುವಾಗ ಕೂಸಿಗೆ ತಗುಲಿದರೆ 10ರಲ್ಲಿ 9 ಕೂಸುಗಳಲ್ಲಿ ಅದು ಜೀವನಪೂರ್ತಿ ಉಳಿಯುತ್ತದೆ. ಮುಂದೆ ಲಿವರ್ ಕಾಯಿಲೆ, ಲಿವರ್ ಕ್ಯಾನ್ಸರ್ ಆಗಬಹುದು. ಇದನ್ನು ತಡೆಯಲು ದಾರಿ ಇದೆ:

ವರದಿ ಪಾಸಿಟಿವ್ ಬಂದರೆ ಜಿಲ್ಲಾ ಆಸ್ಪತ್ರೆಗೆ ಹೋಗಿ ವೈರಲ್ ಲೋಡ್ ಮಾಡಿಸಿ. ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಲೆಕ್ಕ. ಅದು ಮಿಲಿಲೀಟರಿಗೆ 2 ಲಕ್ಷ ಯೂನಿಟ್‌ಗಿಂತ ಜಾಸ್ತಿ ಇದ್ದರೆ ಸುಮಾರು 28ನೇ ವಾರದಿಂದ ಟೆನೊಫೊವಿರ್ ಮಾತ್ರೆ ಕೊಡುತ್ತಾರೆ. ಕೂಸು ಹುಟ್ಟಿದ ಮೇಲೆ ಎರಡು ಇಂಜೆಕ್ಷನ್ ಬೇಕು. ಒಂದು ಹೆಪಟೈಟಿಸ್ ಬಿ ಲಸಿಕೆ. ಇನ್ನೊಂದು ಇಮ್ಯುನೊಗ್ಲೋಬುಲಿನ್, ಅಂದರೆ ತಯಾರಿಸಿಟ್ಟ ರೋಗನಿರೋಧಕ, ಹಾಕಿದ ಕೂಡಲೇ ಕೆಲಸ ಮಾಡುತ್ತದೆ. ಎರಡನ್ನೂ ಬೇರೆ ಬೇರೆ ತೊಡೆಗೆ, ಆದಷ್ಟು 12 ಗಂಟೆಯೊಳಗೆ ಹಾಕಬೇಕು. ಲಸಿಕೆ ಎಲ್ಲ ಆಸ್ಪತ್ರೆಯಲ್ಲೂ ಇರುತ್ತದೆ. ಇಮ್ಯುನೊಗ್ಲೋಬುಲಿನ್ ಎಲ್ಲ ಕಡೆ ಇರುವುದಿಲ್ಲ, ಹೊರಗೆ ಕೊಂಡರೆ ದುಬಾರಿ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಇದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಹಾಗಾಗಿ ಹೆರಿಗೆ ಎಲ್ಲಿ ಅಂತ ತೀರ್ಮಾನಿಸುವ ಮುಂಚೆ, 34ನೇ ವಾರದ ಹೊತ್ತಿಗೆ, ಆ ಆಸ್ಪತ್ರೆಯಲ್ಲಿ ಇದು ಇದೆಯಾ ಅಂತ ಕೇಳಿ. ರಾತ್ರಿ ಎರಡು ಗಂಟೆಗೆ ಹೆರಿಗೆ ಆದ ಮೇಲೆ ಕಳಸದಿಂದಲೋ ಅರಕಲಗೂಡಿನಿಂದಲೋ ಗಂಡ ಔಷಧಿ ಹುಡುಕಿಕೊಂಡು ಜಿಲ್ಲಾ ಕೇಂದ್ರಕ್ಕೆ ಓಡುವಂತಾಗಬಾರದು.

ಎರಡೂ ಹಾಕಿಸಿದ ಮೇಲೆ ಎದೆಹಾಲು ಧಾರಾಳವಾಗಿ ಕೊಡಿ. ಮುಂದೆ 6, 10, 14ನೇ ವಾರದ ಲಸಿಕೆ ತಪ್ಪಿಸಬೇಡಿ. 9ರಿಂದ 12 ತಿಂಗಳ ನಡುವೆ ಮಗುವಿನ ರಕ್ತ ಪರೀಕ್ಷೆ ಮಾಡಿಸಿದರೆ ರಕ್ಷಣೆ ಸಿಕ್ಕಿದೆಯಾ ಅಂತ ತಿಳಿಯುತ್ತದೆ. ಈ ಕೊನೆಯ ಪರೀಕ್ಷೆಯನ್ನು ತುಂಬ ಜನ ಮರೆತುಬಿಡುತ್ತಾರೆ. ಗಂಡ, ದೊಡ್ಡ ಮಕ್ಕಳೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ.

3. ಟಾರ್ಚ್ ವರದಿ ಬಂದರೆ ಓದುವುದು ಹೇಗೆ

ನನಗೆ ಅತಿ ಹೆಚ್ಚು ಬರುವ ಫೋಟೋ ಇದೇ. ಲ್ಯಾಬ್‌ನ ಹಾಳೆ, ಅದರಲ್ಲಿ ದಪ್ಪಕ್ಷರದಲ್ಲಿ ಪಾಸಿಟಿವ್, ಕೆಳಗೆ "ಏನ್ ಮಾಡೋದು ಅಕ್ಕ?"

ಟಾರ್ಚ್ ಅಂದರೆ ಟಾಕ್ಸೊಪ್ಲಾಸ್ಮಾ, ರುಬೆಲ್ಲಾ, ಸೈಟೊಮೆಗಾಲೊ ವೈರಸ್, ಹರ್ಪಿಸ್ ಮುಂತಾದವನ್ನು ಒಟ್ಟಿಗೆ ನೋಡುವ ಪರೀಕ್ಷೆ. ಪ್ರತಿಯೊಂದಕ್ಕೂ ಎರಡು ಸಾಲು ಇರುತ್ತದೆ. ಒಂದು ಐಜಿಜಿ, ಇನ್ನೊಂದು ಐಜಿಎಂ. ನಮ್ಮ ದೇಹ ಸೋಂಕಿನ ವಿರುದ್ಧ ಮಾಡಿಕೊಳ್ಳುವ ಪ್ರತಿಕಾಯಗಳು ಇವು. ಐಜಿಎಂ ಮೊದಲು ಬಂದು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಹೋಗುತ್ತದೆ. ಐಜಿಜಿ ಆಮೇಲೆ ಬಂದು ವರ್ಷಗಟ್ಟಲೆ ಉಳಿಯುತ್ತದೆ.

ಹಾಗಾದರೆ ಹೀಗೆ ನೋಡಿ. ರುಬೆಲ್ಲಾ ಐಜಿಜಿ ಪಾಸಿಟಿವ್, ಐಜಿಎಂ ನೆಗೆಟಿವ್: ನಿಮಗೆ ಯಾವಾಗಲೋ ಬಂದು ಹೋಗಿದೆ ಅಥವಾ ಲಸಿಕೆ ಆಗಿದೆ. ಇದು ಒಳ್ಳೆಯ ಸುದ್ದಿ. ಇದಕ್ಕೆ ಯಾವ ಔಷಧಿಯೂ ಬೇಡ. ಎರಡೂ ನೆಗೆಟಿವ್: ಈವರೆಗೆ ಬಂದಿಲ್ಲ, ರಕ್ಷಣೆಯೂ ಇಲ್ಲ. ಗಂಧೆ-ಜ್ವರ ಇರುವವರಿಂದ ದೂರ ಇರಿ, ಹೆರಿಗೆಯಾದ ಮೇಲೆ ಲಸಿಕೆ ಹಾಕಿಸಿ. ಐಜಿಎಂ ಪಾಸಿಟಿವ್: ಇಲ್ಲಿ ನಿಲ್ಲಿ. ಇದು ಹೊಸ ಸೋಂಕು ಇರಬಹುದು, ಸುಳ್ಳು ಪಾಸಿಟಿವ್ ಕೂಡ ಇರಬಹುದು. ಸುಳ್ಳು ಪಾಸಿಟಿವ್ ಬರುವುದು ಅಪರೂಪವೇನಲ್ಲ. ಎರಡು ಮೂರು ವಾರ ಬಿಟ್ಟು ಮತ್ತೆ ಪರೀಕ್ಷೆ, ಐಜಿಜಿ ಅವಿಡಿಟಿ ಪರೀಕ್ಷೆ, ಸ್ಕ್ಯಾನಿಂಗ್, ಬೇಕಾದರೆ ಗರ್ಭದ ನೀರಿನ ಪರೀಕ್ಷೆ, ಹೀಗೆ ದಾರಿಗಳಿವೆ. ಅವಿಡಿಟಿ ಅಂದರೆ ಪ್ರತಿಕಾಯದ ಹಿಡಿತದ ಬಿಗಿ. ಹಿಡಿತ ಬಿಗಿಯಾಗಿದ್ದರೆ ಸೋಂಕು ಹಳೆಯದು.

ಎಚ್ಚರ: ಒಂದೇ ಒಂದು ಟಾರ್ಚ್ ವರದಿ ನೋಡಿ ಗರ್ಭ ತೆಗೆಸುವ ತೀರ್ಮಾನ ಮಾಡಲೇಬೇಡಿ. ಯಾರೇ ಹೇಳಿದರೂ ಇನ್ನೊಬ್ಬ ಸ್ತ್ರೀರೋಗ ತಜ್ಞರನ್ನು ಕೇಳಿ. ಹಾಸನದ ಹಿಮ್ಸ್ ಇದೆ, ಚಿಕ್ಕಮಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಪ್ರತಿ ತಿಂಗಳು 9ನೇ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ನಡೆಯುತ್ತದೆ. ಅಲ್ಲಿಗೆ ವರದಿ ತೆಗೆದುಕೊಂಡು ಹೋಗಿ.

ನನ್ನನ್ನು ಕೇಳಿದರೆ, ಯಾವ ಲಕ್ಷಣವೂ ಇಲ್ಲದ ಬಸುರಿಗೆ ಸುಮ್ನೆ ಟಾರ್ಚ್ ಮಾಡಿಸುವ ಅಗತ್ಯವೇ ಇಲ್ಲ. ಗಂಧೆ, ಜ್ವರ ಬಂದಿದ್ದರೆ ಅಥವಾ ಸ್ಕ್ಯಾನಿಂಗ್‌ನಲ್ಲಿ ಏನಾದರೂ ಕಂಡಿದ್ದರೆ ಅದರ ಉಪಯೋಗ ಬೇರೆ.

ಸೈಟೊಮೆಗಾಲೊ ವೈರಸ್ ಬಗ್ಗೆ ಒಂದು ಮಾತು. ಕೂಸಿಗೆ ಹುಟ್ಟುವ ಮೊದಲೇ ತಗುಲುವ ವೈರಸ್‌ಗಳಲ್ಲಿ ಇದೇ ಸಾಮಾನ್ಯ. ಕೆಲವು ಮಕ್ಕಳಿಗೆ ಕಿವಿ ಕೇಳಿಸದಂತೆ ಮಾಡುತ್ತದೆ. ಇದು ಚಿಕ್ಕ ಮಕ್ಕಳ ಜೊಲ್ಲು, ಮೂತ್ರದಿಂದ ಹರಡುತ್ತದೆ. ಲಸಿಕೆ ಇಲ್ಲ. ಅಂಗನವಾಡಿಯಲ್ಲಿ ಕೆಲಸ ಮಾಡುವವರು, ಮನೆಯಲ್ಲಿ ಎರಡು ಮೂರು ವರ್ಷದ ಮಗು ಇರುವವರು ಚಡ್ಡಿ ಬದಲಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮಗು ಕಚ್ಚಿ ಬಿಟ್ಟ ಬಿಸ್ಕತ್ತು, ಎಂಜಲು ಅನ್ನ ತಿನ್ನುವುದನ್ನು ಈ ಒಂಬತ್ತು ತಿಂಗಳು ಬಿಡಿ.

4. ಲಸಿಕೆ: ಯಾವುದು ಹಾಕಿಸಿಕೊಳ್ಳಬೇಕು, ಯಾವುದು ಬೇಡ

ಲಸಿಕೆಯಲ್ಲಿ ಎರಡು ಬಗೆ. ಒಂದರಲ್ಲಿ ಸತ್ತ ರೋಗಾಣು ಅಥವಾ ಅದರ ಒಂದು ಚೂರು ಮಾತ್ರ ಇರುತ್ತದೆ. ಬಸುರಿಗೆ ಕೊಡುವ ಲಸಿಕೆಗಳು ಬಹುತೇಕ ಈ ಬಗೆಯವು. ಇನ್ನೊಂದರಲ್ಲಿ ಬಲ ಕುಂದಿಸಿದ ಜೀವಂತ ವೈರಸ್ ಇರುತ್ತದೆ. ಇದನ್ನು ಬಸುರಿಗೆ ಕೊಡುವುದಿಲ್ಲ. ದಡಾರ-ರುಬೆಲ್ಲಾ, ಮಂಗನಬಾವು, ಸೀತಾಳೆ ಸಿಡುಬಿನ ಲಸಿಕೆಗಳು ಈ ಎರಡನೇ ಬಗೆಯವು.

ನೀವು ಹಾಕಿಸಿಕೊಂಡ ಲಸಿಕೆ ಕೂಸಿಗೆ ಹೇಗೆ ಉಪಯೋಗ ಅಂತ ಕೇಳುತ್ತೀರಿ. ನಿಮ್ಮ ದೇಹ ಪ್ರತಿಕಾಯ ಮಾಡಿಕೊಳ್ಳಲು ಸುಮಾರು ಎರಡು ವಾರ ಹಿಡಿಯುತ್ತದೆ. ಆ ಐಜಿಜಿ ಮಾಸದ (ಪ್ಲಾಸೆಂಟಾ) ಮೂಲಕ ಕೂಸಿಗೆ ದಾಟುತ್ತದೆ. ಕೊನೆಯ ಎರಡು ಮೂರು ತಿಂಗಳಲ್ಲಿ ಜಾಸ್ತಿ ದಾಟುತ್ತದೆ. ಮಗಳು ದೂರದೂರಿಗೆ ಹೊರಟಾಗ ತಾಯಿ ಕಟ್ಟಿಕೊಡುವ ಬುತ್ತಿಯಂತೆ, ಅದು ಕೂಸಿಗೆ ಮೊದಲ ಕೆಲವು ತಿಂಗಳಿಗೆ ಆಗುತ್ತದೆ. ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಇದು ಕಡಿಮೆ ಸಿಕ್ಕಿರುತ್ತದೆ. ಅಂಥ ಕೂಸನ್ನು ನೆಗಡಿ-ಜ್ವರದವರಿಂದ ಇನ್ನೂ ಜೋಪಾನವಾಗಿ ನೋಡಿಕೊಳ್ಳಬೇಕು.

ಟಿಡಿ: ಧನುರ್ವಾಯು ಮತ್ತು ಗಂಟಲಮಾರಿಗೆ. ಎರಡೂ ವೈರಸ್ ಅಲ್ಲ, ಆದರೆ ಕೂಸಿಗೆ ಬೇಕೇ ಬೇಕು. ಬಸುರಿ ಅಂತ ಗೊತ್ತಾದ ಕೂಡಲೇ ಒಂದು, ನಾಲ್ಕು ವಾರ ಬಿಟ್ಟು ಇನ್ನೊಂದು. ಹಿಂದಿನ ಬಸುರಿಯಲ್ಲಿ ಎರಡೂ ಹಾಕಿಸಿಕೊಂಡು ಮೂರು ವರ್ಷ ಆಗಿಲ್ಲದಿದ್ದರೆ ಒಂದೇ ಸಾಕು. ತಡವಾಯಿತು ಅಂತ ಬಿಡಬೇಡಿ, 36 ವಾರ ದಾಟಿದ್ದರೂ ಹಾಕುತ್ತಾರೆ. ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ನಮ್ಮ ಕಡೆ ಬಹುತೇಕ ಗುರುವಾರ ಲಸಿಕೆ ದಿನ. ಕಾಫಿ ಕುಯ್ಲಿನ ಹೊತ್ತಿನಲ್ಲಿ ಹೊರಗಿನಿಂದ ಬಂದು ಲೈನ್ ಮನೆಗಳಲ್ಲಿ ಇರುವ ಹೆಂಗಸರಿಗೆ ಇದು ತಪ್ಪಿಹೋಗುವುದೇ ಜಾಸ್ತಿ. ತೋಟದ ಮಾಲೀಕರು, ಮೇಸ್ತ್ರಿಗಳು ಇದನ್ನು ಓದುತ್ತಿದ್ದರೆ, ಆ ಹೆಂಗಸರಿಗೆ ಆ ದಿನ ಕೂಲಿ ಹಿಡಿಯದೆ ಆರೋಗ್ಯ ಕೇಂದ್ರಕ್ಕೆ ಕಳಿಸಿ ಅಂತ ಕೇಳಿಕೊಳ್ಳುತ್ತೇನೆ.

ಫ್ಲೂ: ಬಸುರಿಗೆ ಫ್ಲೂ ಬಂದರೆ ಬೇರೆಯವರಿಗಿಂತ ಜೋರಾಗುತ್ತದೆ. 2009ರ ಎಚ್1ಎನ್1 ಹಾವಳಿಯಲ್ಲಿ ಅದು ಎಲ್ಲರ ಕಣ್ಣಿಗೆ ಬಿತ್ತು. 6 ತಿಂಗಳು ತುಂಬುವವರೆಗೆ ಮಗುವಿಗೆ ಫ್ಲೂ ಲಸಿಕೆ ಹಾಕುವ ಹಾಗಿಲ್ಲ, ಹಾಗಾಗಿ ಅಷ್ಟು ದಿನ ನಿಮ್ಮಿಂದ ದಾಟಿದ್ದೇ ಅದಕ್ಕೆ ರಕ್ಷಣೆ. ಯಾವ ತಿಂಗಳಲ್ಲಾದರೂ ಹಾಕಿಸಿಕೊಳ್ಳಬಹುದು. ಮಲೆನಾಡಿನವರು ಮುಂಗಾರು ಹಿಡಿಯುವ ಮುಂಚೆ ಹಾಕಿಸಿಕೊಂಡರೆ ಒಳ್ಳೆಯದು. ಇದು ಸಾಮಾನ್ಯವಾಗಿ ಖಾಸಗಿಯಲ್ಲಿ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕಾದ ಲಸಿಕೆ. ಮೂಗಿಗೆ ಸಿಂಪಡಿಸುವ ಬಗೆ ಬೇಡ, ಅದು ಜೀವಂತ ವೈರಸ್‌ನದು.

ಟಿಡ್ಯಾಪ್: ಇದು ನಾಯಿಕೆಮ್ಮಿಗೂ ರಕ್ಷಣೆ ಕೊಡುತ್ತದೆ. 27ರಿಂದ 36ನೇ ವಾರದೊಳಗೆ. ಇದೂ ಖಾಸಗಿಯಲ್ಲೇ. ಕೈಲಾದರೆ ಟಿಡಿಯ ಎರಡನೇ ಡೋಸಿನ ಬದಲು ಇದನ್ನು ಹಾಕಿಸಿಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ.

ಕೋವಿಡ್ ಲಸಿಕೆಯನ್ನು 2021ರ ಜುಲೈನಿಂದ ನಮ್ಮ ದೇಶದಲ್ಲಿ ಬಸುರಿಯರಿಗೂ ಕೊಟ್ಟಿದ್ದಾರೆ. ಆಗ ಹಾಕಿಸಿಕೊಂಡಿದ್ದಕ್ಕೆ ಈಗ ಚಿಂತೆ ಮಾಡುವುದು ಬೇಡ.

ರೇಬಿಸ್ ಲಸಿಕೆ: ಇದನ್ನು ದಯವಿಟ್ಟು ಎರಡು ಸಲ ಓದಿ. ನಾಯಿ, ಬೆಕ್ಕು, ಕೋತಿ ಕಚ್ಚಿದರೆ ಅಥವಾ ಪರಚಿದರೆ, ರಕ್ತ ಬರದಿದ್ದರೂ, ಎಷ್ಟನೇ ತಿಂಗಳಾದರೂ ಲಸಿಕೆ ಹಾಕಿಸಲೇಬೇಕು. ಬಸುರಿ ಅನ್ನುವುದು ಅದಕ್ಕೆ ಅಡ್ಡಿಯಲ್ಲ. ಗಾಯವನ್ನು ಸೋಪು, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಅವತ್ತೇ ಆಸ್ಪತ್ರೆಗೆ ಹೋಗಿ. ಕಚ್ಚಿದ, ಪರಚಿದ ಗಾಯದಿಂದ ರಕ್ತ ಬಂದಿದ್ದರೆ ಗಾಯದ ಸುತ್ತ ಹಾಕುವ ಇಮ್ಯುನೊಗ್ಲೋಬುಲಿನ್ ಕೂಡ ಬೇಕು. ರೇಬಿಸ್ ಶುರುವಾದರೆ ತಾಯಿ ಉಳಿಯುವುದಿಲ್ಲ. ಸುಣ್ಣ, ಅರಿಶಿನ, ಕಾಫಿಪುಡಿ ಮೆತ್ತಬೇಡಿ. ಎಲ್ಲ ಡೋಸ್ ಮುಗಿಸಿ.

ಎಚ್ಚರ: "ನಾನು ಬಸುರಿ, ದೊಡ್ಡ ಮಗುವಿಗೆ ಲಸಿಕೆ ಹಾಕಿಸಿದರೆ ನನಗೆ ತೊಂದರೆ ಆಗುತ್ತಾ?" ಇಲ್ಲ. ಪೋಲಿಯೊ ಹನಿ, ದಡಾರ-ರುಬೆಲ್ಲಾ ಯಾವುದನ್ನೂ ಮುಂದೂಡಬೇಡಿ. ದೊಡ್ಡ ಮಗುವಿಗೆ ರಕ್ಷಣೆ ಇದ್ದರೆ ನಿಮಗೂ ಹೊಟ್ಟೆಯ ಕೂಸಿಗೂ ಅಷ್ಟು ನೆಮ್ಮದಿ.

ಲಸಿಕೆ ಹಾಕಿಸಿಕೊಂಡ ಮೇಲೆ ತೋಳು ನೋವು, ಒಂದೆರಡು ದಿನ ಸಣ್ಣ ಜ್ವರ ಬರಬಹುದು. ಪ್ಯಾರಾಸಿಟಮಾಲ್ ಸಾಕು.

5. ಜ್ವರ ಬಂದರೆ, ಗುಳ್ಳೆ ಎದ್ದರೆ, ಕಣ್ಣು ಹಳದಿಯಾದರೆ

ಯಾವ ಜ್ವರವೇ ಆಗಲಿ, ಮೊದಲು ಥರ್ಮಾಮೀಟರ್‌ನಲ್ಲಿ ನೋಡಿ. ಬಂದ ತಾರೀಖು ಬರೆದಿಡಿ. ಜ್ವರ ಇಳಿಸುವುದು ಮುಖ್ಯ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ. ಜೋರು ಜ್ವರವೇ ಕೂಸಿಗೆ ಒಳ್ಳೆಯದಲ್ಲ. ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ. ಮೆಡಿಕಲ್ ಶಾಪ್‌ನಲ್ಲಿ "ಮೈಕೈ ನೋವಿಗೆ" ಅಂತ ಕೊಡುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ.

ಸೀತಾಳೆ ಸಿಡುಬು. ನಾವು ಅಮ್ಮ ಅನ್ನುತ್ತೇವೆ. ನಿಮಗೆ ಚಿಕ್ಕಂದಿನಲ್ಲಿ ಆಗಿದ್ದರೆ ಹೆಚ್ಚುಕಡಿಮೆ ಚಿಂತೆಯೇ ಇಲ್ಲ, ನಿಮ್ಮಲ್ಲಿರುವ ರಕ್ಷಣೆ ಕೂಸಿಗೂ ಸಿಗುತ್ತದೆ. ಆಗಿಲ್ಲದಿದ್ದು, ಈಗ ಮನೆಯಲ್ಲಿ ಯಾರಿಗಾದರೂ ಆಗಿದ್ದರೆ, ಗುಳ್ಳೆ ಏಳುವವರೆಗೆ ಕಾಯಬೇಡಿ. ಅವತ್ತೋ ಮಾರನೇ ದಿನವೋ ಡಾಕ್ಟರಿಗೆ ಹೇಳಿ. ರಕ್ತ ಪರೀಕ್ಷೆಯಲ್ಲಿ ರಕ್ಷಣೆ ಇಲ್ಲ ಅಂತ ಬಂದರೆ ತಡೆಗಟ್ಟುವ ಇಂಜೆಕ್ಷನ್ ಅಥವಾ ಮಾತ್ರೆ ಕೊಡುತ್ತಾರೆ. ಇಂಜೆಕ್ಷನ್ ಕೆಲಸ ಮಾಡುವುದು ಸಂಪರ್ಕವಾದ 10 ದಿನದೊಳಗೆ ಮಾತ್ರ. ತವರಿಗೆ ಓಡುವುದರಿಂದ ಉಪಯೋಗವಿಲ್ಲ. ಗುಳ್ಳೆ ಕಾಣುವ ಎರಡು ದಿನ ಮುಂಚೆಯೇ ಅದು ಹರಡಿರುತ್ತದೆ.

ನಿಮಗೇ ಆದರೆ? 20 ವಾರದೊಳಗೆ ಆದರೆ ಕೂಸಿನ ಕೈಕಾಲು, ಕಣ್ಣು, ಮೆದುಳಿಗೆ ತೊಂದರೆ ಆಗುವ ಸಾಧ್ಯತೆ ಇದೆ, ಆದರೆ 100ರಲ್ಲಿ 2ಕ್ಕಿಂತ ಜಾಸ್ತಿ ಇಲ್ಲ. ಸ್ಕ್ಯಾನಿಂಗ್‌ನಲ್ಲಿ ನೋಡುತ್ತಾರೆ. ಆಮೇಲಿನ ತಿಂಗಳುಗಳಲ್ಲಿ ಕೂಸಿಗಿಂತ ತಾಯಿಗೇ ನ್ಯುಮೋನಿಯಾ ಭಯ. ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆ. ಎಲ್ಲಕ್ಕಿಂತ ಕಷ್ಟದ ಹೊತ್ತು ಹೆರಿಗೆಯ ಆಸುಪಾಸು. ಹೆರಿಗೆಗೆ 5 ದಿನ ಮುಂಚಿನಿಂದ ಹೆರಿಗೆಯಾಗಿ 2 ದಿನದೊಳಗೆ ತಾಯಿಗೆ ಗುಳ್ಳೆ ಎದ್ದರೆ, ವೈರಸ್ ಕೂಸಿಗೆ ಹೋಗಿರುತ್ತದೆ, ಪ್ರತಿಕಾಯ ಹೋಗಲು ಸಮಯ ಸಿಕ್ಕಿರುವುದಿಲ್ಲ. ಕೂಸಿಗೆ ಅದು ಪ್ರಾಣಾಪಾಯದಷ್ಟು ಜೋರಾಗಬಹುದು. ಅಂಥ ಹೆರಿಗೆ ನವಜಾತ ಶಿಶುಗಳ ಘಟಕ ಇರುವ ಆಸ್ಪತ್ರೆಯಲ್ಲೇ ಆಗಬೇಕು.

ಬೇವಿನ ಸೊಪ್ಪು ಇಡಿ, ಅಮ್ಮನಿಗೆ ತಂಪು ಮಾಡಿ, ಹರಕೆ ಹೊರಿ. ಅದರ ಜೊತೆಗೆ ಮೊದಲ 24 ಗಂಟೆಯೊಳಗೆ ಡಾಕ್ಟರ್ ಬರೆದ ಮಾತ್ರೆಯನ್ನೂ ಶುರು ಮಾಡಿ. ಆಸ್ಪತ್ರೆಗೆ ಹೋಗುವ ಮುಂಚೆ ಫೋನ್ ಮಾಡಿ ಹೇಳಿ, ಬೇರೆ ಬಸುರಿಯರ ಸಾಲಿನಲ್ಲಿ ಕೂರಬೇಡಿ. ಸರ್ಪಸುತ್ತು ಇದೇ ವೈರಸ್‌ನದು, ಆದರೆ ಬಸುರಿಗೆ ಸರ್ಪಸುತ್ತು ಆದರೆ ಹೊಟ್ಟೆಯ ಕೂಸಿಗೆ ಹೆದರಬೇಕಾಗಿಲ್ಲ.

ಡೆಂಗಿ. 2024ರ ಮಳೆಗಾಲದಲ್ಲಿ ನಮ್ಮ ಎರಡೂ ಜಿಲ್ಲೆಗಳು ಇದನ್ನು ಚೆನ್ನಾಗಿಯೇ ಕಂಡಿವೆ. ಜ್ವರ ಬಿಟ್ಟ ದಿನ ಹುಷಾರಾದೆ ಅಂದುಕೊಳ್ಳಬೇಡಿ, ಅಪಾಯದ ದಿನ ಅದೇ. ಹೊಟ್ಟೆನೋವು, ನಿಲ್ಲದ ವಾಂತಿ, ಎಲ್ಲಿಂದಾದರೂ ರಕ್ತ, ತಲೆಸುತ್ತು, ಕೂಸಿನ ಅಲುಗಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಅಡ್ಮಿಟ್ ಆಗಿ. ಹೆರಿಗೆಯ ಹೊತ್ತಿಗೆ ಡೆಂಗಿ ಅಥವಾ ಚಿಕೂನ್‌ಗುನ್ಯಾ ಇದ್ದರೆ ಕೂಸಿಗೂ ಬರಬಹುದು. ಹುಟ್ಟಿದಾಗ ಚೆನ್ನಾಗಿರುತ್ತದೆ, ಕೆಲವು ದಿನ ಬಿಟ್ಟು ಜ್ವರ ಶುರುವಾಗುತ್ತದೆ. ಹಾಗಾಗಿ ಕೂಸನ್ನು ಬೇಗ ಮನೆಗೆ ಕರೆದೊಯ್ಯುವ ಅವಸರ ಬೇಡ. ಈ ಸೊಳ್ಳೆ ಹಗಲು ಕಚ್ಚುತ್ತದೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಟಾರ್ಪಾಲ್ ಮಡಿಕೆ, ಹಿತ್ತಲಿನ ಡ್ರಮ್ಮು, ಇಲ್ಲೆಲ್ಲ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿಸಿ. ಹಗಲು ಮಲಗಿದಾಗಲೂ ಪರದೆ ಕಟ್ಟಿ.

ಮಂಗನ ಕಾಯಿಲೆ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯವರಿಗೆ ಇದು ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ವೈರಸ್, ಉಣುಗಿನಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಬಸುರಿಯರು ಆ ತಿಂಗಳುಗಳಲ್ಲಿ ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗಲೇಬೇಡಿ. ಕಾಡಿಗೆ ಹೋಗಿ ಬಂದವರು ಸ್ನಾನ ಮಾಡಿ ಬಟ್ಟೆಯನ್ನು ಬಿಸಿನೀರಿಗೆ ಹಾಕಿದ ಮೇಲೆ ಮನೆಯೊಳಗೆ ಬರಲಿ. ಕೋತಿ ಸತ್ತಿದ್ದು ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ.

ಕಾಮಾಲೆ. ಮಳೆಗಾಲದಲ್ಲಿ ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಇ ಬೇರೆಯವರಿಗೆ ಕೆಲವು ವಾರದ ಕಾಯಿಲೆ. ಬಸುರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, 100ರಲ್ಲಿ 20ರಿಂದ 25ರವರೆಗೆ ಸಾವು ತರುವಷ್ಟು ಕೆಟ್ಟದ್ದು. ಕೂಸೂ ಉಳಿಯದೆ ಹೋಗಬಹುದು. ಕಣ್ಣು ಹಳದಿ, ಮೂತ್ರ ಗಾಢ ಹಳದಿ ಆದರೆ ನಾಟಿ ಔಷಧಿಗೆ ಅಂತ ಊರೂರು ಅಲೆಯಬೇಡಿ, ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಿ. ಬಾವಿ ನೀರಾಗಲಿ, ನಲ್ಲಿ ನೀರಾಗಲಿ, ಕುದಿಸಿ ಆರಿಸಿ ಕುಡಿಯಿರಿ.

6. ತವರಿಗೆ ಹೊರಡುವ ಮುಂಚೆ

ಸೀಮಂತ ಮುಗಿಸಿ ಏಳನೇ ತಿಂಗಳಲ್ಲಿ ತವರಿಗೆ ಹೋಗುವುದು ನಮ್ಮಲ್ಲಿ ವಾಡಿಕೆ. ತೊಂದರೆ ಆಗುವುದು ಇಲ್ಲೇ. ಸಕಲೇಶಪುರದಲ್ಲಿ ತೋರಿಸಿಕೊಂಡ ಬಸುರಿ ಕಡೂರಿನಲ್ಲಿ ಹೆರುತ್ತಾಳೆ. ಸೀರೆ, ಬಳೆ ಎಲ್ಲ ಹೋಗುತ್ತದೆ, ವರದಿಗಳು ಗಂಡನ ಮನೆಯ ಬೀರುವಿನಲ್ಲೇ ಉಳಿಯುತ್ತವೆ. ಹೊಸ ಡಾಕ್ಟರಿಗೆ ಎಚ್‌ಬಿಎಸ್‌ಎಜಿ ಪಾಸಿಟಿವ್ ಅಂತ ಗೊತ್ತಿಲ್ಲದಿದ್ದರೆ ಆ 12 ಗಂಟೆ ಸುಮ್ನೆ ಕಳೆದುಹೋಗುತ್ತದೆ.

ಹೊರಡುವ ಹಿಂದಿನ ದಿನವೇ ಕಾರ್ಡು, ವರದಿ, ಸ್ಕ್ಯಾನಿಂಗ್ ಎಲ್ಲ ಒಂದೇ ಕವರಿಗೆ ಹಾಕಿ ಬ್ಯಾಗಿನಲ್ಲಿಡಿ. ತವರಿನ ಆಶಾ ಕಾರ್ಯಕರ್ತೆಯ ನಂಬರ್ ತೆಗೆದುಕೊಳ್ಳಿ. ತಲುಪಿದ ವಾರವೇ ಅಲ್ಲಿನ ಡಾಕ್ಟರಿಗೆ ಎಲ್ಲ ತೋರಿಸಿ. ಬಸುರಿಯಲ್ಲಿ ಬಂದ ಜ್ವರ, ಗುಳ್ಳೆಗಳ ತಾರೀಖನ್ನೂ ಹೇಳಿ. ಆಂಬುಲೆನ್ಸಿಗೆ 108, ಆರೋಗ್ಯ ಸಲಹೆಗೆ 104. ಘಟ್ಟದ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗದ ಜಾಗವೇ ಜಾಸ್ತಿ. ಹಾಗಾಗಿ ಜೀಪು ಇರುವ ಅಕ್ಕಪಕ್ಕದವರಿಗೆ ಮೊದಲೇ ಹೇಳಿಟ್ಟಿರಿ.

7. ಹುಟ್ಟಿದ ಮೇಲೆ

ಮೊದಲ 24 ಗಂಟೆಯೊಳಗೆ ಎಲ್ಲ ಕೂಸಿಗೂ ಹೆಪಟೈಟಿಸ್ ಬಿ ಲಸಿಕೆ, ತಾಯಿಗೆ ನೆಗೆಟಿವ್ ಇದ್ದರೂ ಸಹ. ಜೊತೆಗೆ ಬಿಸಿಜಿ, ಪೋಲಿಯೊ ಹನಿ. ಕಾರ್ಡಿನಲ್ಲಿ ಬರೆಸಿಕೊಂಡೇ ಡಿಸ್ಚಾರ್ಜ್ ಆಗಿ. ಖಾಸಗಿಯಲ್ಲಿ ಹೆರಿಗೆಯಾಗಿ ಭಾನುವಾರ ಬಂದಿತು, ಹಬ್ಬ ಬಂದಿತು ಅಂತ ತಪ್ಪಿದರೆ ಮಾರನೇ ದಿನವಾದರೂ ಕೇಳಿ ಹಾಕಿಸಿ.

ಕಿವಿ ಪರೀಕ್ಷೆ ಮಾಡಿಸಿ, ಒಂದೆರಡು ನಿಮಿಷದ ಕೆಲಸ, ನೋವಿಲ್ಲ. ಕಣ್ಣಿನ ಪಾಪೆ ಬೆಳ್ಳಗೆ ಕಂಡರೆ ಆ ವಾರವೇ ಕಣ್ಣಿನ ಡಾಕ್ಟರಿಗೆ ತೋರಿಸಿ.

ನಿಮಗೆ ನೆಗಡಿ, ಫ್ಲೂ, ಡೆಂಗಿ, ಕೋವಿಡ್ ಇದ್ದರೂ ಎದೆಹಾಲು ನಿಲ್ಲಿಸಬೇಡಿ. ಮಾಸ್ಕ್ ಹಾಕಿ, ಕೈ ತೊಳೆದು ಕುಡಿಸಿ. ಎಚ್‌ಐವಿ ಇದ್ದವರು ಮಾತ್ರ ಡಾಕ್ಟರ್ ಹೇಳಿದಂತೆ ಮಾಡಿ. ಕೂಸು ನೋಡಲು ಬರುವ ನೆಂಟರಲ್ಲಿ ಕೆಮ್ಮು-ಜ್ವರ ಇರುವವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿ. ತುಟಿಯ ಮೇಲೆ ನೀರುಗುಳ್ಳೆ ಎದ್ದವರು ಕೂಸಿಗೆ ಮುತ್ತು ಕೊಡಲೇಬಾರದು. ಅದು ಹರ್ಪಿಸ್ ವೈರಸ್, ಎಳೆಕೂಸಿನ ಮೆದುಳಿಗೆ ಹೋಗಬಹುದು. ಅಜ್ಜಿಗೆ ಬೇಜಾರಾದರೂ ಪರವಾಗಿಲ್ಲ.

ಮೊದಲ ಎರಡು ತಿಂಗಳಲ್ಲಿ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವವರೆಗೆ ಕಾಯಬೇಡಿ: 100.4 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಜ್ವರ, ಮೈ ತಣ್ಣಗಾಗುವುದು, ಹಾಲು ಕುಡಿಯದೆ ಮಂಕಾಗುವುದು, ನಿಮಿಷಕ್ಕೆ 60 ದಾಟಿದ ಉಸಿರು, ಫಿಟ್ಸ್, ನೀರುಗುಳ್ಳೆ, ಮೊದಲ ದಿನವೇ ಕಾಮಾಲೆ ಅಥವಾ ಅಂಗೈ-ಅಂಗಾಲಿಗೂ ಇಳಿದ ಹಳದಿ. ಕೂಸಿಗೆ ಬರೆ ಹಾಕಿಸಬೇಡಿ. ಬರೆಯಿಂದ ಯಾವ ಕಾಯಿಲೆಯೂ ಹೋಗುವುದಿಲ್ಲ, ಗಾಯ ಕೀವಾಗಿ ಕೂಸಿನ ಜೀವಕ್ಕೇ ಕುತ್ತು ಬರುತ್ತದೆ.

6ನೇ ವಾರದಿಂದ ಕೂಸಿನ ಲಸಿಕೆಗಳು ಸಾಲಾಗಿ ಶುರುವಾಗುತ್ತವೆ. ತವರಿನಲ್ಲಿದ್ದರೆ ಅಲ್ಲಿನ ಅಂಗನವಾಡಿಯಲ್ಲೇ ಹಾಕಿಸಿ, ಯಾವ ಊರಿನ ಕಾರ್ಡಾದರೂ ನಡೆಯುತ್ತದೆ. 9 ತಿಂಗಳಿಗೆ ದಡಾರ-ರುಬೆಲ್ಲಾ. ನಿಮ್ಮಿಂದ ಬಂದ ರಕ್ಷಣೆ ಅಷ್ಟು ಹೊತ್ತಿಗೆ ಕರಗಿರುತ್ತದೆ, ಅದಕ್ಕೇ ಆ ತಾರೀಖು ದಾಟಿಸಬಾರದು.

ಇನ್ನು ನಿಮ್ಮ ಲಸಿಕೆ. ಪರೀಕ್ಷೆಯಲ್ಲಿ ರುಬೆಲ್ಲಾ ರಕ್ಷಣೆ ಇಲ್ಲ ಅಂತ ಬಂದಿದ್ದವರು ಬಾಣಂತನದಲ್ಲೇ ಅದನ್ನು ಹಾಕಿಸಿಕೊಳ್ಳಬಹುದು. ಹಾಲು ಕುಡಿಸುತ್ತಿದ್ದರೂ ತೊಂದರೆ ಇಲ್ಲ. ಸೀತಾಳೆ ಸಿಡುಬಿನ ಲಸಿಕೆಗೂ ಇದೇ ಮಾತು. ತವರಿನಿಂದ ವಾಪಸ್ ಹೊರಡುವ ಮುಂಚೆ ಹಾಕಿಸಿಕೊಂಡು, ಆಮೇಲೆ ಒಂದು ತಿಂಗಳು ಮತ್ತೆ ಬಸುರಿ ಆಗದಂತೆ ನೋಡಿಕೊಳ್ಳಿ, ತಾರೀಖನ್ನು ಅದೇ ತಾಯಿ ಕಾರ್ಡಿನಲ್ಲಿ ಬರೆಸಿ.